ಒಂಟಿ ಸೀನು

ಭತ್ತದ ಒಕ್ಕಣೆ ಶುರುವಾಯಿತೆಂದರೆ ಮಹದೇವುವಿನ ಮೂಗಿಗೂ ಸುಗ್ಗಿ. ಹುಲ್ಲಿನ ದೂಳು ತಗುಲಿದರೆ ಸಾಕು, ಕಣ್ಣು ಕೆಂಪಾಗಿ ಮೂಗು ಸೋರಿ ಸೀನು ಶುರುವಾಗುತ್ತಿತ್ತು. ಈ ಕಾಟಕ್ಕೇ ಹನಕೆರೆ ಬಿಟ್ಟು ಮಂಡ್ಯದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಸಾಲಾಗಿ ನಾಲ್ಕು ಸೀನಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಹೆಣ್ಣು ನೋಡಲು ಹೋದ ಎರಡು ಮನೆಗಳಲ್ಲೂ, ಮಾತು ಇನ್ನೇನು ಕುದುರಿತು ಎನ್ನುವಾಗ ಒಂದೇ ಒಂದು ಸಲ ಸೀನಿಬಿಟ್ಟಿದ್ದ. ಒಂಟಿ ಸೀನು ಅಪಶಕುನವೆಂದು ಹೆಣ್ಣಿನ ಕಡೆಯ ಹಿರಿಯರು ಎದ್ದು ಒಳಗೆ ಹೋಗಿದ್ದರು.

ಈಗ ಕೊಪ್ಪದ ಚಿಕ್ಕಬೋರಯ್ಯನವರ ಮಗಳು ಪ್ರಿಯಾಂಕ. ಆರೋಗ್ಯ ಕೇಂದ್ರದಲ್ಲಿ ನರ್ಸು. ಫೋಟೊ ನೋಡಿದಾಗಿನಿಂದ ಮಹದೇವುಗೆ ಬೇರೆ ಯಾರೂ ಬೇಡವಾಗಿತ್ತು. ಇವಳೂ ಕೈತಪ್ಪಿದರೆ ಎಂಬ ಭಯಕ್ಕೆ, ನೋಡಲು ಹೋಗುವ ದಿನ ಬೆಳಿಗ್ಗೆಯೇ ಮೆಡಿಕಲ್ ಸ್ಟೋರಿಗೆ ಓಡಿದ.

"ದಿನಕ್ಕೆ ಒಂದೇ ಮಾತ್ರೆ. ನಿದ್ದೆ ಬರುತ್ತೆ, ಗಾಡಿ ಓಡಿಸ್ಬೇಡಿ. ಜೊತೆಗೆ ಬೇರೆ ನೆಗಡಿ ಮಾತ್ರೆ ತಗೋಬೇಡಿ" ಎಂದ ಅಂಗಡಿಯ ಶಾಕಿರ್.

ಮಹದೇವು ಒಂದನ್ನು ನುಂಗಿ, ಬೈಕು ಬಿಟ್ಟು ಗೆಳೆಯ ಚಿಕ್ಕಮಾದುವಿನ ಕಾರು ಹತ್ತಿದ. ಇಲ್ಲಿಯವರೆಗೆ ಅವನಷ್ಟು ಬುದ್ಧಿವಂತ ಇರಲಿಲ್ಲ.

ಕಾರಿನಲ್ಲಿ ಅವನನ್ನು ಬೆಳೆಸಿದ ದೊಡ್ಡಮ್ಮ ಮಂಚಮ್ಮ ಸೆರಗಿನ ಗಂಟು ಬಿಚ್ಚಿದಳು. "ನಂದೂ ಒಂದು ನುಂಗು ಕಣ್ಲಾ. ನೆಗಡಿಗೆ ಡಾಕ್ಟ್ರು ಕೊಟ್ಟಿದ್ದು."

"ಬ್ಯಾಡ ಕಣ್ ದೊಡ್ಡವ್ವ, ಅಂಗಡಿಯವ್ನು ಎರಡೆರಡು ತಗಬ್ಯಾಡಿ ಅಂದವ್ನೆ."

"ನಿಂದು ಬಿಳೀದು, ನಂದು ಅಳದೀದು. ಎಂಗ್ಲಾ ಒಂದೇ ಆಯ್ತದೆ? ನಿನ್ನ ಸಾಕಿದ್ದು ನಾನಾ, ಅಂಗಡಿಯವ್ನಾ?"

ಮಹದೇವು ಕೈಯೊಡ್ಡಿ ಮಾತ್ರೆ ಇಸಿದುಕೊಂಡ. ನುಂಗಿದ.

ಮದ್ದೂರಿನ ಹತ್ತಿರ ಹುಲ್ಲಿನ ಟ್ರ್ಯಾಕ್ಟರು ಎದುರಾಗಿ ಅವನು ಸೀನಿದ. ಅದೂ ಒಂದೇ. "ಥೂ ನಿನ್ನ! ಇದು ದೂಳಿಗೇ ಅಂತ ಇರೋದು ಕಣ್ಲಾ, ನುಂಗು" ಎಂದು ಚಿಕ್ಕಮಾದು ತನ್ನ ಮಾತ್ರೆಯನ್ನು ಬಾಯಿಗೇ ತುರುಕಿದ. ಪ್ರೀತಿಸುವವರ ಕೈಗೆ ಸಿಕ್ಕ ಮನುಷ್ಯನಿಗೆ ಬಿಡುಗಡೆಯಿಲ್ಲ.

ಕೊಪ್ಪ ಮುಟ್ಟುವಷ್ಟರಲ್ಲಿ ಮೂಗು ಒಣಗಿತ್ತು, ನಾಲಿಗೆಯೂ ಒಣಗಿತ್ತು. ಪ್ರಿಯಾಂಕ ಕಾಫಿ ತಂದಳು. ಫೋಟೊಗಿಂತ ಚೆನ್ನಾಗಿದ್ದಳು. ಇನ್ನೊಮ್ಮೆ ನೋಡೋಣವೆಂದರೆ ರೆಪ್ಪೆಗಳು ಮಾತು ಕೇಳಲಿಲ್ಲ. ಚಿಕ್ಕಬೋರಯ್ಯ ಏನೋ ಮಾತಾಡುತ್ತಿದ್ದರು, ದೂರದ ರೇಡಿಯೋದಂತೆ. ಮಹದೇವುವಿನ ತಲೆ ಎದೆಗೆ ಬಾಗುವುದು, ಗಕ್ಕನೆ ಮೇಲೇಳುವುದು, ಮತ್ತೆ ಬಾಗುವುದು.

ಬಾಯಿಗೆ ಸಕ್ಕರೆ ಬಿದ್ದಾಗ ಎಚ್ಚರವಾಯಿತು. ತಾಂಬೂಲ ಬದಲಾಯಿಸಿ ಆಗಿತ್ತು! ಸೀನದೆ ಗೆದ್ದೆನೆಂದು ಅವನಿಗೆ ಅಳುವೇ ಬಂತು.

ಜಗಲಿಯಲ್ಲಿ ಕೂತವನ ಬಳಿಗೆ ಪ್ರಿಯಾಂಕ ನೀರಿನ ಚೊಂಬು ಹಿಡಿದು ಬಂದಳು. "ಏನ್ ಮಾತ್ರೆ ತಗಂಡಿದ್ದೀರಿ? ನಿಜ ಹೇಳಿ."

ಹೇಳಿದ. ಅವಳು ಮೂರೂ ಶೀಟು ತರಿಸಿ ಹಿಂದೆ ಬರೆದದ್ದನ್ನು ಓದಿ, ಡಾಕ್ಟರಿಗೆ ಫೋನು ಮಾಡಿದಳು. "ಹೆಸರು ಬೇರೆ ಅಷ್ಟೆ, ಮೂರರಲ್ಲೂ ಅಲರ್ಜಿಗೆ ಕೊಡೋ ಔಷಧಿನೇ ಐತೆ. ಸಂಜೆ ತನಕ ನನ್ನ ಕಣ್ಮುಂದೆನೇ ಇರಿ. ಎದೆ ಬಡ್ಕಂಡ್ರೆ, ತಲೆ ಸುತ್ತಿದ್ರೆ ತಕ್ಷಣ ಹೇಳಿ, ಆಸ್ಪತ್ರೆಗೆ ಹೋಗಾಣ. ನಾಳೆ ಸಂಜೆವರ್ಗೂ ಒಂದು ಮಾತ್ರೆನೂ ಮುಟ್ಟಂಗಿಲ್ಲ."

ಇಷ್ಟು ಅಕ್ಕರೆಯಿಂದ ಯಾರೂ ಅವನನ್ನು ಗದರಿಸಿರಲಿಲ್ಲ.

ಅವಳ ದನಿ ಮೆತ್ತಗಾಯಿತು. "ಬಂದವ್ರೆಲ್ಲ ನಮ್ಮಪ್ಪ ಕೇಳಿದ್ದಕ್ಕೆ ಎದ್ದೋಗೋರು. ನೀವೊಬ್ರೇ ಪ್ರತಿ ಮಾತಿಗೂ ತಲೆ ಆಡಿಸಿದ್ದು."

"ಏನ್... ಏನ್ ಕೇಳಿದ್ರು?"

"ಮನೆ ಅಳಿಯ ಆಗಿ ಇಲ್ಲೇ ಇರ್ತೀರಾ, ಗದ್ದೆ, ದನ, ಹುಲ್ಲು ಎಲ್ಲಾ ನೋಡ್ಕತೀರಾ ಅಂತ. ಅಪ್ಪನ್ನ ಬಿಟ್ಟೋಗ್ಬೇಕಲ್ಲ ಅಂತ ರಾತ್ರಿಯೆಲ್ಲ ಅತ್ತಿದ್ದೆ ಕಣ್ರೀ."

ಮಹದೇವು ಮನೆಯ ಪಕ್ಕದ ಕಣ ನೋಡಿದ. ಮನೆಯಷ್ಟೇ ಎತ್ತರದ ಹುಲ್ಲಿನ ಮೆದೆ ನಿಂತಿತ್ತು. ನಿದ್ದೆ ಮಾಡ್ತಿದ್ದೆ ಎನ್ನಲು ಬಾಯಿ ತೆರೆದ. ಅವಳ ಕಣ್ಣು ತುಂಬಿತ್ತು. ಬಾಯಿ ಮುಚ್ಚಿದ. ಈ ಸಲ ಪೂರ್ತಿ ಎಚ್ಚರದಲ್ಲೇ ತಲೆ ಆಡಿಸಿದ.

ಒಳಗಿನಿಂದ ಚಿಕ್ಕಬೋರಯ್ಯನವರ ಸಂತೋಷದ ದನಿ ಬಂತು. "ಅಳಿಯಂದ್ರೇ, ನಾಳೆ ಬೆಳಿಗ್ಗೆನೇ ಒಕ್ಕಣೆ ಅದೆ. ರಾತ್ರಿ ಇಲ್ಲೇ ಉಳ್ಕಳಿ, ನೀವೇ ಮುಂದೆ ನಿಂತು ಉಲ್ಲು ಒಟ್ಟುಸ್ಬೇಕು!"