ಹ್ರಸ್ವ ಕಾಲು, ದೀರ್ಘ ಮಾಂಡಿ

ಮನುಷ್ಯನ ಎತ್ತರವನ್ನು ನಿಲ್ಲಿಸಿಯೇ ಅಳೆಯಬೇಕೆಂಬ ನಿಯಮವನ್ನು ಯಾರು ಮಾಡಿದರೋ ನಾನರಿಯೆ. ಕೂರಿಸಿ ಅಳೆಯುವ ಪದ್ಧತಿ ಇದ್ದಿದ್ದರೆ ನನ್ನ ಜೀವನದ ಅರ್ಧ ಸಂಕಟ ಹುಟ್ಟುತ್ತಲೇ ಇರಲಿಲ್ಲ. ನನ್ನನ್ನು ರೂಪಿಸಿದವನು ತಲೆಯಿಂದ ಕೆಲಸ ಆರಂಭಿಸಿ, ಬೆನ್ನಿಗೆ ಉದಾರವಾಗಿ ಸಾಮಗ್ರಿ ಬಳಸಿ, ಕಾಲಿಗೆ ಬರುವಷ್ಟರಲ್ಲಿ ಬುಟ್ಟಿ ಖಾಲಿಯಾದದ್ದನ್ನು ಕಂಡು ಗಾಬರಿಯಾಗಿರಬೇಕು. ಹೀಗಾಗಿ ಕುಳಿತಾಗ ನಾನು ಗಣ್ಯ ವ್ಯಕ್ತಿ. ನಿಂತಾಗ ಸಾಮಾನ್ಯ ಪ್ರಜೆ. ನಾಸಿಕದ ಸಿನಿಮಾ ಮಂದಿರಗಳಲ್ಲಿ ಹಿಂದಿನ ಸಾಲಿನವರು ಸ್ವಲ್ಪ ಕೆಳಗೆ ಸರಿಯಿರೆಂದು ನನ್ನನ್ನು ಮರಾಠಿಯಲ್ಲಿ ಬೇಡಿಕೊಳ್ಳುತ್ತಾರೆ. ಮಧ್ಯಂತರದಲ್ಲಿ ನಾನು ಎದ್ದು ನಿಂತಾಗ, ಇವನು ಇನ್ನೂ ಪೂರ್ತಿ ಎದ್ದಿಲ್ಲವೆಂದು ಭಾವಿಸಿ ಅವರೇ ಕಾಯುತ್ತಾರೆ.

ಇಂಥ ದೇಹಕ್ಕೆ ಅಂಗಡಿಯ ಸಿದ್ಧ ಪ್ಯಾಂಟು ಒಗ್ಗುವುದಿಲ್ಲ. ಸೊಂಟ ಮೂವತ್ತೆರಡು ಇಂಚಿನವನಿಗೆ ಕಾಲು ಇಷ್ಟುದ್ದ ಇರಲೇಬೇಕೆಂದು ಪ್ಯಾಂಟು ತಯಾರಿಸುವವರು ತಾವೇ ತೀರ್ಮಾನಿಸಿಕೊಂಡಿದ್ದಾರೆ. ನಾನು ಹಾಕಿಕೊಂಡರೆ ನಾಲ್ಕು ಇಂಚು ಬಟ್ಟೆ ಪಾದದ ಮೇಲೆ ಮಡಿಚಿ ಬಿದ್ದು, ಮೇಲ್ಭಾಗ ಮಾತ್ರ ಸೊಂಟವನ್ನು ತಲುಪಲಾರದೆ ನಡುದಾರಿಯಲ್ಲೇ ನಿಂತುಬಿಡುತ್ತದೆ. ಮೊಣಕಾಲಿನ ಬಳಿ ಮಾಸಿದಂತೆ ಕಾಣುವ ಜೀನ್ಸ್ ಒಂದನ್ನು ಕೊಂಡಾಗ ಆ ಮಾಸಿದ ಮೊಣಕಾಲು ನನ್ನ ಮೀನಖಂಡದ ಮೇಲೆ ಬಂದು ಕುಳಿತಿತ್ತು. ಅಂಗಡಿಯವನು, “ಆಲ್ಟರ್ ಹೋ ಜಾಯೇಗಾ, ಸಾಹೇಬ್,” ಎಂದ. ಪ್ಯಾಂಟನ್ನೋ ನನ್ನನ್ನೋ ಎಂದು ಅವನು ಸ್ಪಷ್ಟಪಡಿಸಲಿಲ್ಲ. ಹೀಗೆ ವರ್ಷಗಟ್ಟಲೆ ಕತ್ತರಿಸಿದ ತುದಿಗಳನ್ನೆಲ್ಲ ಅವ್ವ ಕೂಡಿಟ್ಟು ಒಂದು ಕೌದಿ ಹೊಲಿದಿದ್ದಾಳೆ. ಚಳಿಗಾಲದಲ್ಲಿ ಅದನ್ನು ಹೊದ್ದಾಗ, ನನ್ನ ಕಾಲಿಗೆ ದಕ್ಕದ ಉದ್ದವೆಲ್ಲ ನನ್ನ ಮೇಲೆಯೇ ಮಲಗಿದಂತೆ ಭಾಸವಾಗುತ್ತದೆ.

ಹಾಗಾದರೆ ದರ್ಜಿಯ ಬಳಿ ಹೋಗಬಾರದೇ ಎಂದು ನೀವು ಕೇಳಬಹುದು. ಹೋಗಿದ್ದೆ. ನಾಸಿಕದ ಒಬ್ಬ ದರ್ಜಿ ನನ್ನ ಕಾಲನ್ನು ಅಳೆದು, ನಂಬದೆ ಮತ್ತೊಮ್ಮೆ ಅಳೆದು, ಪಕ್ಕದ ಅಂಗಡಿಯವನನ್ನು ಕರೆದು ಟೇಪು ತೋರಿಸಿದ. ಆ ಬೀದಿಯಲ್ಲಿ ನಾನು ಮತ್ತೆ ಓಡಾಡಲಿಲ್ಲ.

ಇಷ್ಟಕ್ಕೆಲ್ಲ ನಾಚಿಕೆಪಡುವುದೇಕೆ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಅಪ್ಪ ಬೀದರ ಜಿಲ್ಲೆಯಿಂದ ಹೊರಟು ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದ ಒಂದು ಕಾರ್ಖಾನೆ ಸೇರಿದರು. ನಾನು ಹತ್ತನೆಯ ತರಗತಿಯವರೆಗೆ ಅಜ್ಜಿಯ ಊರಿನಲ್ಲಿ ಕನ್ನಡ ಶಾಲೆಯಲ್ಲಿ ಓದಿ ಆಮೇಲೆ ಅವರನ್ನು ಕೂಡಿಕೊಂಡೆ. ಪದವೀಧರನೆಂದ ಮೇಲೆ ಉಡುಪು, ನಡೆ, ಉಚ್ಚಾರಣೆ ಮೂರೂ ಶುದ್ಧವಾಗಿರಬೇಕೆಂಬ ಭಯ ನನ್ನನ್ನು ಹಿಡಿದಿದೆ. ಉಡುಪು ನನ್ನ ಕೈಮೀರಿದ್ದರಿಂದ ನಾನು ಉಚ್ಚಾರಣೆಯ ಮೇಲೆ ಹೆಚ್ಚು ಶ್ರಮವಹಿಸಿದೆ. ಮನೆಯಲ್ಲಿ ಎಲ್ಲರೂ ‘ಮಣಕಾಲ’ ಎನ್ನುತ್ತಿದ್ದಾಗ, ಪುಸ್ತಕದಲ್ಲಿ ‘ಮಂಡಿ’ ಎಂಬ ಶಬ್ದವನ್ನು ಕಂಡು, ಅಂದಿನಿಂದ ಅದನ್ನೇ ಬಳಸುತ್ತ ಬಂದೆ. ನನ್ನನ್ನು ಹಳ್ಳಕ್ಕೆ ತಳ್ಳಿದ್ದು ಇದೇ ಶಬ್ದ.

ನನಗೆ ನಾಸಿಕದಲ್ಲಿ ನೌಕರಿ ಸಿಕ್ಕಮೇಲೆ ಹೆಣ್ಣು ನೋಡುವ ಕಾರ್ಯ ಆರಂಭವಾಯಿತು. ಮೊದಲೆರಡು ಮನೆಗಳಲ್ಲಿ ಮಾತುಕತೆ ಚೆನ್ನಾಗಿಯೇ ನಡೆದು, ಬೀಳ್ಕೊಡುವಾಗ ನಾನು ಕುರ್ಚಿಯಿಂದ ಎದ್ದ ಕ್ಷಣದಲ್ಲಿ ಕೆಟ್ಟಿತು. ಮೂರನೆಯದು ನಾಸಿಕದಲ್ಲೇ ಕಿರಾಣಿ ವ್ಯಾಪಾರ ಮಾಡುವ, ಕಲಬುರಗಿ ಕಡೆಯ ಮಲ್ಲಿಕಾರ್ಜುನಪ್ಪನವರ ಮಗಳು ಅಂಬಿಕಾ. ಮೊದಲು ವಿಡಿಯೋ ಕರೆ ನಡೆಯಿತು. ನಾನು ಕುಳಿತಿದ್ದೆ. ಅವಳ ಅಜ್ಜಿ ಪರದೆಯ ಮೂಲೆಯಲ್ಲಿ ಇಣುಕಿ, “ಹುಡುಗ ಕಂಬ ಇದ್ದಂಗ ಇದ್ದಾನಲ್ಲ!” ಎಂದರು. ಅಂಬಿಕಾ ನಕ್ಕಳು. ಆ ನಗುವನ್ನು ಕಂಡಮೇಲೆ ನನಗೆ ಬೇರೆ ಯಾವ ಮನೆಯನ್ನೂ ನೋಡುವ ಇಚ್ಛೆ ಉಳಿಯಲಿಲ್ಲ. ಹಾಗಾಗಿ ಒಂದು ಯೋಜನೆ ರೂಪಿಸಿದೆ: ಅವರ ಮನೆಯನ್ನು ಹೊಕ್ಕ ಕೂಡಲೇ ಕುಳಿತುಬಿಡುವುದು, ಆಕೆ ಒಪ್ಪುವವರೆಗೆ ಏಳದಿರುವುದು. ಒಳಹೋಗುವ ಆ ನಾಲ್ಕು ಹೆಜ್ಜೆಗಳನ್ನು ಸಂಭಾಳಿಸಲು ಕಾಲನ್ನು ಉದ್ದವಾಗಿ ತೋರಿಸುವ ಒಂದು ಸರಿಯಾದ ಪ್ಯಾಂಟು ಬೇಕಿತ್ತು.

ಸಂಭಾಜಿನಗರದಲ್ಲಿ ನಮ್ಮ ಮನೆಯ ಬಳಿ ಶರಣಪ್ಪ ಕಾಕಾ ಇದ್ದಾರೆ. ನಮ್ಮ ಕಡೆಯವರೇ, ಕನ್ನಡ ಬಲ್ಲ ದರ್ಜಿ. ನನಗೆ ರಜೆ ಇರಲಿಲ್ಲವಾದ್ದರಿಂದ ಫೋನಿನಲ್ಲೇ ಅಳತೆ ಕೊಡುವುದೆಂದಾಯಿತು. ಅವರು ಕೇಳುತ್ತ ಹೋದರು, ನಾನು ಕೋಣೆಯಲ್ಲಿ ಟೇಪು ಹಿಡಿದು ಹೇಳುತ್ತ ಹೋದೆ.

“ಉದ್ದ ಎಷ್ಟೋ ತಮ್ಮಾ?”

“ಮೂವತ್ತೇಳು ಇಂಚು.”

“ಕಂಬರ?”

“ಸೊಂಟ ಮೂವತ್ತೆರಡು.”

“ಮಾಂಡಿ?”

ನನಗೆ ರೋಮಾಂಚನವಾಯಿತು. ನಮ್ಮವರ ಪೈಕಿ ‘ಮಣಕಾಲ’ ಎನ್ನದ ಒಬ್ಬರು ಕೊನೆಗೂ ಸಿಕ್ಕಿದ್ದರು. ಉಚ್ಚಾರಣೆಯಲ್ಲಿ ಮಾತ್ರ ಸಣ್ಣ ದೋಷವಿತ್ತು. “ಕಾಕಾ, ತಪ್ಪು ತಿಳಿಯಬೇಡಿ, ಅದು ಮಾಂಡಿ ಅಲ್ಲ, ಮಂಡಿ. ಹ್ರಸ್ವ,” ಎಂದು ವಿನಯದಿಂದ ತಿದ್ದಿ, ಮೊಣಕಾಲಿನ ಸುತ್ತ ಟೇಪು ಸುತ್ತಿ, “ಹದಿನಾರು ಇಂಚು,” ಎಂದೆ.

“ಹದಿನಾರ? ಖರೇ ಹೇಳು, ಅಲ್ಲಿ ಊಟ ಸರಿ ಸಿಗ್ತದಿಲ್ಲೋ?”

“ಊಟ ಉತ್ತಮವಾಗಿದೆ ಕಾಕಾ. ಅಳತೆ ನಿಖರವಾಗಿದೆ.”

“ಆಯ್ತಪ್ಪಾ, ಓದಿದಾಂವ ನೀನು,” ಎಂದು ಅವರು ಬರೆದುಕೊಂಡರು.

ಹೆಣ್ಣು ನೋಡಲು ಗೊತ್ತಾಗಿದ್ದ ಭಾನುವಾರ ಅಪ್ಪ ಅವ್ವ ಪ್ಯಾಂಟು ಹಿಡಿದುಕೊಂಡು ಬೆಳಗಿನ ಬಸ್ಸಿಗೆ ಹೊರಟರು. ಬಸ್ಸು ಯೇವಲಾದಲ್ಲಿ ಕೆಟ್ಟು ನಿಂತು, ಅವರು ನನ್ನ ಕೋಣೆಯನ್ನು ತಲುಪಿದಾಗ ಮುಹೂರ್ತಕ್ಕೆ ಹದಿನೈದು ನಿಮಿಷ ಉಳಿದಿತ್ತು. ಅವಸರದಲ್ಲಿ ಪ್ಯಾಂಟು ಏರಿಸಿದೆ. ತೊಡೆಯ ಬಳಿ ಅದು ಸ್ವಲ್ಪ ವಾದ ಮಾಡಿತು. ಆದರೂ ಮೇಲೆ ಬಂತು. ಕನ್ನಡಿಯಲ್ಲಿ ನೋಡಿಕೊಂಡು ಬೆರಗಾದೆ. ಜೀವನದಲ್ಲಿ ಮೊದಲ ಬಾರಿಗೆ ಪ್ಯಾಂಟಿನ ತುದಿ ಬೂಟಿನ ಮೇಲೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತ್ತು. ಅವ್ವ, “ನನ್ನಪ್ಪಾ, ಸಾಹೇಬ್ ಕಂಡಂಗ ಕಾಣ್ತಿ!” ಎಂದು ದೃಷ್ಟಿ ತೆಗೆದಳು. ಅಪ್ಪ ಮಾತ್ರ, “ಯಾಕೋ, ಕೈವಾರ ನಡದಂಗ ನಡೀಲಕತ್ತಿ?” ಎಂದರು. ಇದು ಈಗಿನ ಮಾದರಿ ಎಂದು ವಿವರಿಸಿದೆ. ಹುಡುಗಿಯ ಮನೆ ಎರಡು ಓಣಿ ಆಚೆ ಇತ್ತು, ನಡೆದೇ ಹೋದೆವು. ಹಾಗಾಗಿ ಆ ಪ್ಯಾಂಟಿನಲ್ಲಿ ಕೂರುವ ಪ್ರಸಂಗ ಅವರ ಮನೆಯವರೆಗೂ ಬರಲಿಲ್ಲ.

ಒಳಗೆ ಹೋಗಿ ಹಿರಿಯರಿಗೆಲ್ಲ ನಮಸ್ಕರಿಸಿದೆ. ಕುರ್ಚಿಗಾಗಿ ಕಣ್ಣಾಡಿಸಿದರೆ, ಹಾಲಿನಲ್ಲಿ ಸಾಲಾಗಿ ಚಾಪೆ ಹಾಸಿದ್ದರು. ಮಲ್ಲಿಕಾರ್ಜುನಪ್ಪನವರು ಮೊದಲು ತಾವು ಚಕ್ಕಳಮಕ್ಕಳ ಹಾಕಿ ಕುಳಿತು, ತಮ್ಮ ತೊಡೆಯ ಮೇಲೆ ಪಟಪಟನೆ ಬಡಿದುಕೊಂಡು, “ಬರ್ರಿ, ಬರ್ರಿ! ಆರಾಮ ಮಾಂಡಿ ಹಾಕ್ಕೊಂಡು ಕೂಡ್ರಿ,” ಎಂದರು.

ಅವರ ಅಂಗೈ ತೊಡೆಯ ಮೇಲೆ ಬೀಳುವುದಕ್ಕೂ ಬಾಯಿಂದ ಆ ಶಬ್ದ ಹೊರಡುವುದಕ್ಕೂ ಸರಿಹೋಯಿತು. ಮರಾಠಿಯಲ್ಲಿ ಮಾಂಡಿ ಎಂದರೆ ತೊಡೆ! ಇಷ್ಟು ವರ್ಷ ಈ ನಾಡಿನ ಅನ್ನ ಉಂಡವನಿಗೆ ಅದು ಗೊತ್ತಿರಲಿಲ್ಲವೆಂದಲ್ಲ; ಕನ್ನಡ ಮಾತಾಡುವವರ ಬಾಯಲ್ಲಿ ಬಂದದ್ದೆಲ್ಲ ಕನ್ನಡವೆಂದು ನಂಬಿದ್ದೆ. ಶರಣಪ್ಪ ಕಾಕಾ ಮಾತಾಡುವುದು ಕನ್ನಡವಾದರೂ ಹೊಲಿಯುವುದು ಮರಾಠಿಯಲ್ಲಿ. ನನ್ನ ಮೊಣಕಾಲಿನ ಅಳತೆಗೆ ಪದ್ಧತಿಯಂತೆ ಎರಡು ಇಂಚು, ಕರುಣೆಯಿಂದ ಇನ್ನೆರಡು ಇಂಚು ಸೇರಿಸಿ ಅವರು ನನ್ನ ತೊಡೆಗೆ ಕೊಳವೆ ಹೊಲಿದಿದ್ದರು. ತಿದ್ದಿದವನು ನಾನು, ಅದೂ ವಿನಯದಿಂದ.

ಆದರೂ ಪ್ರಯತ್ನಿಸಿದೆ. ಅರ್ಧ ಬಗ್ಗುತ್ತಲೇ ತೊಡೆಯ ಹೊಲಿಗೆಯಲ್ಲಿ ‘ಚಿರ್’ ಎಂದು ಸಣ್ಣ ಎಚ್ಚರಿಕೆ ಕೇಳಿಸಿತು. ಬಗ್ಗಿದವನು ಹಾಗೆಯೇ ಏಳುವುದು ಅಸಭ್ಯವೆನಿಸಿ, ಕಾಲನ್ನು ನೆಟ್ಟಗೆ ಮಾಡಿ, ಎದುರಿಗಿದ್ದ ಅಜ್ಜಿಯ ಪಾದಗಳನ್ನು ಮುಟ್ಟಿ ನಮಸ್ಕರಿಸಿದೆ.

“ಈಗರೆ ಮಾಡಿದ್ಯಲ್ಲೋ ಯಪ್ಪಾ?” ಎಂದರು ಅಜ್ಜಿ.

“ನಿಮಗೆ ಒಂದು ಸಲ ಸಾಲದು, ಅಮ್ಮಾ,” ಎಂದೆ.

ಮತ್ತೆ “ಕೂಡ್ರಿ” ಎಂದರು. ಮತ್ತೆ ಬಗ್ಗಿದೆ, ಮತ್ತೆ ಎಚ್ಚರಿಕೆ ಕೇಳಿಸಿತು. ಈ ಸಲ ಮಲ್ಲಿಕಾರ್ಜುನಪ್ಪನವರ ಪಾದ. ಮೂರನೆಯ ಸಲ ಗಾಬರಿಯಲ್ಲಿ ನನ್ನ ಅಪ್ಪನ ಪಾದಕ್ಕೇ ಎರಗಿದೆ. ಅಪ್ಪ ಕಾಲು ಹಿಂದೆ ಎಳೆದುಕೊಂಡು, “ಏನಾಗ್ಯದೋ ನಿನಗ?” ಎಂದು ಪಿಸುಗುಟ್ಟಿದರು. ಕೊನೆಗೆ, “ಹಿರಿಯರ ಎದುರು ನಾನು ನಿಂತೇ ಇರುವುದು ರೂಢಿ,” ಎಂದು ಘೋಷಿಸಿ ಕಿಟಕಿಯ ಪಕ್ಕ ನಿಂತೆ. ಕೂರುವುದೊಂದನ್ನೇ ನಂಬಿದ್ದ ನನ್ನ ಯೋಜನೆ ಅಲ್ಲಿಗೆ ಮುಗಿಯಿತು.

ಆಗ ಅಂಬಿಕಾ ಅವಲಕ್ಕಿ ಪೋಹೆಯ ತಟ್ಟೆಗಳೊಂದಿಗೆ ಹೊರಗೆ ಬಂದಳು. ಬಂದಳು ಎನ್ನುವುದಕ್ಕಿಂತ ಬರುತ್ತಲೇ ಇದ್ದಳು. ನನಗಿಂತ ನಾಲ್ಕು ಬೆರಳು ಎತ್ತರ. ತಟ್ಟೆಯನ್ನು ನನಗೆ ಕೊಡುವಾಗ ಅವಳ ಕಣ್ಣು ನನ್ನನ್ನು ಹುಡುಕುತ್ತ ಸ್ವಲ್ಪ ಕೆಳಗಿಳಿಯಿತು. ನನ್ನ ಎದೆಯೂ ಅದರೊಂದಿಗೆ ಇಳಿಯಿತು.

ಇಬ್ಬರೂ ಮಾತಾಡಿಕೊಳ್ಳಲಿ ಎಂದು ನಮ್ಮನ್ನು ಗ್ಯಾಲರಿಗೆ ಕಳಿಸಿದರು. ಅಲ್ಲಿ ಎರಡು ಕುರ್ಚಿಗಳಿದ್ದವು. ಅವಳು ಕೂರಲಿಲ್ಲ; ನಾನು ಕೂರಲಾರೆ.

“ವಿಡಿಯೋದಾಗ ನೀವು ದೊಡ್ಡೋರು ಕಾಣ್ತಿದ್ರಿ,” ಎಂದಳು.

“ಕುಳಿತಿದ್ದೆ.”

“ನಾನೂ ಕೂತಿದ್ದೆ,” ಎಂದು ಅವಳು ತಲೆ ತಗ್ಗಿಸಿದಳು. ನಾಸಿಕದಲ್ಲೇ ಹುಟ್ಟಿ ಬೆಳೆದವಳು; ಅವಳ ಕನ್ನಡ ಎರಡು ಹೆಜ್ಜೆಗೊಮ್ಮೆ ಮರಾಠಿಯ ಕೈ ಹಿಡಿಯುತ್ತಿತ್ತು. “ಆದ್ರ ಖರ ಹೇಳ್ರಿ, ನೀವು ಯಾಕ ಕೂಡಲಿಲ್ಲ? ನಿಮ್ಮ ಗುಡಘಾ ಖರಾಬ್ ಅವ ಏನು?” ಗುಡಘಾ ಎಂದರೆ ಮೊಣಕಾಲು, ಈ ಸಲ ತಪ್ಪಲಿಲ್ಲ.

ಸುಳ್ಳು ಹೇಳಬಹುದಿತ್ತು. ಆದರೆ ಆ ನಗುವಿನ ಎದುರು ಸುಳ್ಳಿನಿಂದ ಆರಂಭಿಸಲು ಮನಸ್ಸು ಬರಲಿಲ್ಲ. “ನನ್ನ ಮಂಡಿ ಸರಿಯಾಗಿದೆ. ತೊಂದರೆ ಇರುವುದು ಮಾಂಡಿಯಲ್ಲಿ,” ಎಂದೆ. ಆಮೇಲೆ ಫೋನು, ಟೇಪು, ಹ್ರಸ್ವ, ದೀರ್ಘ ಎಲ್ಲವನ್ನೂ ಕ್ರಮವಾಗಿ ನಿವೇದಿಸಿದೆ.

ಅವಳು ಗ್ಯಾಲರಿಯ ಕಂಬಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಅಯ್ಯೋ ದೇವಾ! ಟೇಲರ್‌ಗೆ ವ್ಯಾಕರಣ ಕಲಿಸಿದ್ರಿ?” ಬಳಿಕ ಸೀರೆಯ ಅಂಚನ್ನು ಒಂದಿಷ್ಟು ಎತ್ತಿ ತೋರಿಸಿದಳು. ಕೆಳಗೆ ಬೇರೆ ಬಣ್ಣದ ಫಾಲ್ ಬಟ್ಟೆಯನ್ನು ಅಗಲವಾಗಿ ಜೋಡಿಸಿದ್ದರು. “ನಂದು ಉಲ್ಟಾ ರಿ. ಸೀರೀನೂ ಸಾಲಂಗಿಲ್ಲ, ಪ್ಯಾಂಟ್ ತೊಗೊಂಡ್ರ ಘೋಟಾದ ಮೇಲೆ ನಿಲ್ತದ. ಕಾಲೇಜಿನಾಗ ನನಗ ‘ಪೂರ ಬಂತೇನು’ ಅಂತಿದ್ರು.” ಘೋಟಾ ಎಂದರೆ ಕಾಲಿನ ಹರಡು, ಪೂರ ಎಂದರೆ ಮರಾಠಿಯಲ್ಲಿ ಪ್ರವಾಹ. ಗೋದಾವರಿ ಉಕ್ಕಿದಾಗ ನೀರು ನೋಡಲು ಹೋಗುವವರೂ ಪ್ಯಾಂಟು ಮಡಚುತ್ತಾರೆ; ಇವಳಿಗೆ ಆ ಕಷ್ಟವೂ ಇಲ್ಲವಲ್ಲ ಎಂಬ ಅಸಂಬದ್ಧ ವಿಚಾರವೊಂದೇ ತಲೆಯಲ್ಲಿ ಸುಳಿಯಿತು. ಅದೃಷ್ಟಕ್ಕೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಒಳಗೆ ಹೋಗಿ ಅವಳು ತಂದೆಗೆ, “ನನಗ ಪಸಂದ್ ಅದ,” ಎಂದಳು. ಮಲ್ಲಿಕಾರ್ಜುನಪ್ಪನವರ ಕಣ್ಣು ತುಂಬಿತ್ತು. “ಈಗಿನ ಕಾಲದಾಗ ಇಂಥಾ ಹುಡುಗ ಎಲ್ಲಿ ಸಿಗ್ತಾನ್ರಿ? ಹಿರೇರು ಇದ್ದಷ್ಟು ಹೊತ್ತು ಕೂಡಲೇ ಇಲ್ಲ!” ಎಂದು ನನ್ನ ಅಪ್ಪನ ಕೈ ಹಿಡಿದರು. ಅಪ್ಪ ನನ್ನ ಪ್ಯಾಂಟಿನ ಕಡೆ ನೋಡಿ, ಏನನ್ನೋ ಗ್ರಹಿಸಿ, ಜಾಣತನದಿಂದ ಹೌದೆಂದು ತಲೆಯಾಡಿಸಿದರು.

ಮದುವೆಯಾಗಿ ಮೂರು ವರ್ಷವಾಯಿತು. ಈಗ ಶರಣಪ್ಪ ಕಾಕಾ ಅವರ ಅಂಗಡಿಗೆ ಖುದ್ದಾಗಿ ಹೋಗಿ, ಬಾಯಿ ಮುಚ್ಚಿಕೊಂಡು ಅಳತೆ ಕೊಟ್ಟು ಬರುತ್ತೇನೆ. ನನ್ನ ಪ್ಯಾಂಟುಗಳಲ್ಲಿ ಮಾಂಡಿಗೂ ಮಂಡಿಗೂ ಯಥೇಚ್ಛ ಸ್ಥಳವಿದೆ. ಆದರೆ ಅತ್ತೆಯ ಮನೆಯಲ್ಲಿ ನನ್ನ ಕೀರ್ತಿ ನನಗಿಂತ ಎತ್ತರ ಬೆಳೆದಿದೆ. ಕಳೆದ ದೀಪಾವಳಿಯಲ್ಲಿ ಹಾಲಿನ ತುಂಬ ನೆಂಟರಿದ್ದರು, ನನ್ನೆದುರೇ ಒಂದು ಕುರ್ಚಿ ಖಾಲಿ ಇತ್ತು. ನಾನು ಅದರತ್ತ ಸರಿಯುವಷ್ಟರಲ್ಲಿ ಮಾವನವರು ಹೊಸ ನೆಂಟರೊಬ್ಬರನ್ನು ಕರೆದು, “ನೀವು ಕೂಡ್ರಿ, ನಮ್ಮ ಅಳಿಯಂದ್ರು ಹಿರೇರ ಮುಂದ ಕೂಡಂಗಿಲ್ಲ,” ಎಂದು ಹೆಮ್ಮೆಯಿಂದ ಹೇಳಿದರು. ಸಹಾಯಕ್ಕಾಗಿ ಹೆಂಡತಿಯ ಕಡೆ ನೋಡಿದೆ. ಇಡೀ ಭೂಮಂಡಲದಲ್ಲಿ ನಿಜವನ್ನು ಪೂರ್ತಿಯಾಗಿ ಬಲ್ಲ ಏಕೈಕ ಸಾಕ್ಷಿ ಆಕೆ. ಕಾಲು ಚಾಚಿ ಸೋಫಾದ ಮೇಲೆ ಕುಳಿತಿದ್ದ ಅವಳು, ಚಕ್ಕುಲಿ ಮುರಿಯುತ್ತ, ಎಲ್ಲರಿಗೂ ಕೇಳಿಸುವಂತೆ ಹೇಳಿದಳು:

“ಮನ್ಯಾಗೂ ಹಂಗೇ ರಿ. ನಾನು ಕೂತಿದ್ರೂ ಅವರು ನಿಂತೇ ಇರ್ತಾರ.”