ಮಾಮನ ಎರಡು ಅಂಕಿ, ಮಾಮಿಯ ಎರಡು ಅಂಕಿ

ನಮ್ಮ ಸೋದರಮಾವನ ಮನೆಯಲ್ಲಿ ನಾಲ್ಕು ಗೋಡಂಬಿ ಬಾಯಿಗೆ ಹಾಕಿಕೊಳ್ಳಬೇಕಾದರೂ ಇಬ್ಬರು ಅಧಿಕಾರಿಗಳು ಹಾಜರಿರಬೇಕಿತ್ತು! ಒಬ್ಬರು ಮಾಮ, ಇನ್ನೊಬ್ಬರು ಮಾಮಿ. ಗೋಡಂಬಿಯ ಡಬ್ಬ ಇರುವ ಬೀರುವಿಗೆ ಎರಡು ಬೀಗ. ಒಂದರ ಕೀಲಿ ಮಾಮನ ಜನಿವಾರದಲ್ಲಿ, ಇನ್ನೊಂದರದು ಮಾಮಿಯ ಸೊಂಟದಲ್ಲಿ. ಮಾಮ ಬ್ಯಾಂಕಿನಲ್ಲಿದ್ದವರು. ಅಲ್ಲಿ ತಿಜೋರಿಯನ್ನು ಒಬ್ಬರೇ ತೆಗೆಯುವ ಹಾಗಿಲ್ಲ. ಇಬ್ಬರು ಬೇಕು, ಒಬ್ಬರ ಕೀಲಿಯನ್ನು ಇನ್ನೊಬ್ಬರು ಮುಟ್ಟಬಾರದು. ನಿವೃತ್ತರಾದವರು ಶಾಲು, ಹಾರ ಹೊತ್ತುಕೊಂಡು ಮನೆಗೆ ಬರುತ್ತಾರೆ. ನಮ್ಮ ಮಾಮ ಅದರ ಜೊತೆಗೆ ಈ ನಿಯಮವನ್ನೂ ಹೊತ್ತುಕೊಂಡು ತ್ರಿಪ್ಲಿಕೇನಿನ ಮನೆಗೆ ಬಂದಿದ್ದರು.

ಇಂಥವರ ಕೈಗೆ ನನ್ನ ಹೊಸ ಕಾರು ಸಿಕ್ಕಿದರೆ ಏನಾಗಬೇಡ? ಅದು ಅರ್ಧಂಬರ್ಧ ತಾನೇ ಓಡುವ ಕಾರು. ಯಾರಾದರೂ ಅಡ್ಡ ಬಂದರೆ ತಾನೇ ಬ್ರೇಕ್ ಹಾಕುತ್ತದೆ. ಫೋನಿನಲ್ಲಿ ಹೇಳಿದರೆ, ಒಳಗೆ ಯಾರೂ ಇಲ್ಲದೆಯೂ ಪಾರ್ಕಿಂಗಿನಿಂದ ಮೆಲ್ಲಗೆ ಹೊರಗೆ ಬರುತ್ತದೆ. ಅದನ್ನು ಕೊಂಡದ್ದು ನನ್ನ ಆಫೀಸಿಗೆ ಎಷ್ಟೋ, ಮಾಮಿಯನ್ನು ಹೃದಯದ ಡಾಕ್ಟರ ಹತ್ತಿರ ಕರೆದೊಯ್ಯುವುದಕ್ಕೂ ಅಷ್ಟೇ. ಮಾಮಿಯ ಕಾಲಿನ ಶಕ್ತಿ ಹೋಗಿತ್ತು. ಇಬ್ಬರು ಹಿಡಿದು ಹತ್ತಿಸಬೇಕು, ಇಬ್ಬರು ಹಿಡಿದು ಇಳಿಸಬೇಕು.

ಮೊದಲ ದಿನ ಪೂಜೆ. ಚಕ್ರಗಳಡಿ ನಿಂಬೆಹಣ್ಣು ಇಟ್ಟಾಯಿತು. ಮಾಮ ಕಾರಿನ ಹಣೆ ಎಲ್ಲಿದೆ ಎಂದು ಹುಡುಕಿ, ಮುಂದಿನ ಗಾಜಿನ ಮೇಲ್ಭಾಗದ ನಟ್ಟನಡುವೆ ಧಾರಾಳವಾಗಿ ಗಂಧ ಬಳಿದು ಕುಂಕುಮ ಇಟ್ಟರು. ಆ ಗಾಜಿನ ಹಿಂದೆಯೇ ಕಾರಿನ ಕ್ಯಾಮೆರಾ! ಬೀದಿಯ ತಿರುವು ದಾಟುವಷ್ಟರಲ್ಲಿ ಕಾರು ಕೀ ಕೀ ಎಂದು ಅರಚಿಕೊಂಡು, ನನಗೇನೂ ಕಾಣುತ್ತಿಲ್ಲ, ಇನ್ನು ನೀವೇ ನೋಡಿಕೊಳ್ಳಿ ಎಂದು ಪರದೆಯ ಮೇಲೆ ಬರೆದು ಕೈಚೆಲ್ಲಿತು. ಬೇರೆ ಯಾರಾದರೂ ಆಗಿದ್ದರೆ ನಾಚಿಕೊಳ್ಳುತ್ತಿದ್ದರು. ಮಾಮನ ಮುಖ ಅರಳಿತು.

"ನೋಡಿದಿಯಾ? ಒಂದು ಚಿಟಿಕೆ ಕುಂಕುಮಕ್ಕೆ ಕುರುಡಾಯ್ತು. ನಾವು ಭಕ್ತಿಯಿಂದ ಮಾಡಿದ್ದು. ಬೇಕಂತಲೇ ಮಾಡೋರು ಇಲ್ವಾ?"

ನಾನು ನಕ್ಕು, ಕೆಳಗಿಳಿದು ಗಾಜು ಒರೆಸಿದೆ.

ಮೊದಲ ಸರ್ವಿಸಿಗೆ ಮಾಮನೂ ಬಂದರು. ಕಾರಿನ ಬುದ್ಧಿ, ಅಂದರೆ ಸಾಫ್ಟ್‌ವೇರು, ಇಂಟರ್ನೆಟ್ಟಿನಲ್ಲಿ ಬಂದು ತಾನೇ ಕೂತುಕೊಳ್ಳುತ್ತದೆ ಎಂದು ಅಲ್ಲಿನವನು ತಮಿಳಿನಲ್ಲಿ ಹೆಮ್ಮೆಯಿಂದ ವಿವರಿಸಿದ. ಅದನ್ನು ಕಳಿಸುವವರು ಯಾರು, ಕಳಿಸುವ ಮುಂಚೆ ನೋಡುವವರು ಒಬ್ಬರೋ ಇಬ್ಬರೋ ಎಂದು ಮಾಮ ಅಷ್ಟೇ ವಿನಯದಿಂದ ಕೇಳಿದರು. ಅವನು ಮ್ಯಾನೇಜರನ್ನು ಕರೆದ. ಮ್ಯಾನೇಜರು ಕಾಫಿ ತರಿಸಿದರು. ಬ್ಯಾಂಕಿನಲ್ಲಿ ತಾವೂ ಉತ್ತರ ಗೊತ್ತಿಲ್ಲದಾಗ ಕಾಫಿಯನ್ನೇ ತರಿಸುತ್ತಿದ್ದುದಾಗಿ ಮಾಮ ಹೊರಗೆ ಬಂದು ನನಗೆ ಹೇಳಿದರು. ಏನು ತಲೆ ಅಂತೀರಿ! ನಾನು ಕಾರು ಕೊಳ್ಳುವಾಗ ಕೇಳಿದ್ದ ಒಂದೇ ಪ್ರಶ್ನೆ ಬಣ್ಣದ್ದು.

ಆದರೂ ಇಷ್ಟು ಭಯ ಯಾಕೆ ಮಾಮ ಎಂದು ರೇಗಿಸಿದೆ. ಅವರು ರೇಗಲಿಲ್ಲ.

"ನೀನು ಬಾಗಿಲು ತೆಗೆದು ಹಾರ್ಕೋತೀಯಮ್ಮಾ. ಯಾರೋ ಎಲ್ಲೋ ಕೂತ್ಕೊಂಡು ಈ ಕಾರನ್ನ ಎಳ್ಕೊಂಡು ಹೋದ್ರೆ, ಹಿಂದೆ ಕೂತಿರೋಳು ಹ್ಯಾಗೆ ಇಳೀತಾಳೆ?"

ಆಮೇಲೆ ನಾನು ರೇಗಿಸಲಿಲ್ಲ.

ಫೋನಿನಿಂದ ಕಾರು ಅಲುಗಾಡಬೇಕಾದರೆ ನಾಲ್ಕು ಅಂಕಿಯ ಗುಟ್ಟಿನ ಸಂಖ್ಯೆ ಬೇಕು. ಮಾಮ ಅದನ್ನು ಹಿಡಿದುಕೊಂಡರು. ಮೊದಲ ಎರಡು ಅಂಕಿ ಅವರು ಒತ್ತಿದರು, ಉಳಿದೆರಡನ್ನು ಮಾಮಿ ಸೆರಗಿನಲ್ಲಿ ಫೋನು ಮುಚ್ಚಿಕೊಂಡು ಒತ್ತಿದರು. ಒಬ್ಬರದು ಇನ್ನೊಬ್ಬರಿಗೆ ತಿಳಿಯಬಾರದು. ಒಮ್ಮೆ ಬಾಯಿಬಿಟ್ಟು ಹೇಳಿದರೆ ಬದಲಾಯಿಸಬೇಕು. ಕಾರು ನನ್ನದು, ಕಂತು ಕಟ್ಟುವವಳು ನಾನು, ಗುಟ್ಟು ತ್ರಿಪ್ಲಿಕೇನಿನಲ್ಲಿ! ಇಷ್ಟೂ ಸಾಲದು ಎಂಬಂತೆ, ಮಾಮಿ ಕೂತಾಗ ಮಾಮ ಮುಂದಿನ ಸೀಟಿನಿಂದ ಹಿಂತಿರುಗಿ, "ಹೊರಡಬಹುದಾ?" ಎಂದು ಕೇಳುವರು. ಮಾಮಿ "ಹೂಂ, ಹೊರಡೋಣ" ಎಂದ ಮೇಲೆಯೇ ನಾನು ಗುಂಡಿ ಒತ್ತಬೇಕು.

ಒಮ್ಮೆ ಜೋರು ಮಳೆ. ನಾನಿರುವ ವೇಲಚೇರಿ ತಗ್ಗಿನ ಜಾಗ, ಮಳೆ ಎಂದರೆ ಅಲ್ಲಿಯವರೆಲ್ಲ ನೀರಿಗೆ ಹೆದರಿ ಕಾರುಗಳನ್ನು ಮೇಲ್ಸೇತುವೆಯ ಮೇಲೆ ಹತ್ತಿಸಿ ನಿಲ್ಲಿಸುವುದು ವಾಡಿಕೆ. ನಾನು ಇಳಿದು ನೋಡಿದರೆ, ನೆಲಮಾಳಿಗೆಯಲ್ಲಿ ಎರಡೂ ಕಡೆಯ ಕಾರುಗಳು ಒತ್ತಿಕೊಂಡು ನಿಂತಿವೆ, ಬಾಗಿಲು ತೆಗೆಯಲು ಜಾಗವಿಲ್ಲ, ನೀರು ಪಾದ ಮುಟ್ಟಿದೆ. ಮಾಮನಿಗೆ ಫೋನು ಮಾಡಿದೆ. ತಮ್ಮ ಎರಡು ಅಂಕಿ ತಕ್ಷಣ ಕೊಟ್ಟರು. ಆದರೆ ಮಾಮಿ ಮಡಿಯಲ್ಲಿ! ಕುರ್ಚಿಯ ಮೇಲೆ ಕೂತು ದೇವರ ಅಡಿಗೆ ಮಾಡುತ್ತಿದ್ದಾರೆ, ಫೋನು ಮುಟ್ಟುವಂತಿಲ್ಲ. ಸ್ಪೀಕರಿಗೆ ಹಾಕಿದರೆ ಮಾಮನ ಕಿವಿಗೂ ಬೀಳುತ್ತದೆ, ಅದೂ ಆಗದು. ಕೊನೆಗೆ ಮಾಮ ಫೋನನ್ನು ಅಡಿಗೆಮನೆಯ ಹೊಸ್ತಿಲಲ್ಲಿ ಇಟ್ಟು, ತಾವು ಬೀದಿಗೆ ಇಳಿದು, ಮಳೆಯಲ್ಲಿ ಕೊಡೆ ಹಿಡಿದು ನಿಂತರು. ಮಾಮಿ ಒಲೆಯ ಮುಂದಿನಿಂದಲೇ ಅಂಕಿಗಳನ್ನು ಕೂಗಿದರು. ಕಾರು ತಾನಾಗಿಯೇ ಹೊರಗೆ ಬಂತು. ಎದುರಿನ ಮೆಸ್ಸಿನವರಿಗೆಲ್ಲ ಕೇಳಿಸಿತಲ್ಲ ಮಾಮ ಎಂದರೆ, ಅವರಿಗೆ ಕನ್ನಡ ಬರುವುದಿಲ್ಲ ಎಂದುಬಿಟ್ಟರು.

ಆ ಭಾನುವಾರ ನಿಯಮದಂತೆ ಇಬ್ಬರೂ ಹೊಸ ಅಂಕಿ ಹಾಕಿದರು. ಮಾಮಿ ಸೆರಗಿನೊಳಗೆ ಏನು ಒತ್ತಿದರೋ, ಒಬ್ಬರೇ ನಗುತ್ತಿದ್ದರು.

ಅದಾಗಿ ಸ್ವಲ್ಪ ಕಾಲಕ್ಕೆ ಮಾಮಿ ಹೋಗಿಬಿಟ್ಟರು. ಕಾರಿನಲ್ಲಲ್ಲ, ರಸ್ತೆಯಲ್ಲಲ್ಲ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅಷ್ಟು ಕಾವಲು ಕಾದ ಮನುಷ್ಯ ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತಿದ್ದರು. ಇದನ್ನು ನೆನೆದರೆ ನನಗೆ ಈಗಲೂ ತಡೆಯಲಾಗುವುದಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಮಾಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಬಂದೆ. ಸರ್ವಿಸಿನವರಿಗೆ ಹೇಳಿದರೆ ಹಳೆಯ ಸಂಖ್ಯೆ ಅಳಿಸಿ ಹೊಸದು ಕೊಡುತ್ತಾರೆ ಎಂದೆ.

"ಬೇಡಮ್ಮಾ. ಆ ಎರಡು ಅವಳ ಹತ್ರಾನೇ ಇರಲಿ. ಇನ್ನು ಇದನ್ನ ಯಾರು ಎಳ್ಕೊಂಡು ಹೋಗ್ತಾರೆ, ನೋಡೋಣ."

ನಾನು ಒಪ್ಪಿದೆ. ಅಂದಿನಿಂದ ನನ್ನ ಕಾರು ಫೋನಿನ ಮಾತು ಕೇಳುವುದಿಲ್ಲ. ಮಳೆ ಬಂದರೆ ನಾನೇ ಡಿಕ್ಕಿಯಿಂದ ತೂರಿಕೊಂಡು ಒಳಗೆ ಹೋಗುತ್ತೇನೆ.

ಆ ದಿನ ಮಾಮ ಮುಂದಿನ ಸೀಟಿನಲ್ಲಿ ಕೂತು, ಬೆಲ್ಟು ಹಾಕಿಕೊಂಡು, ಅಭ್ಯಾಸದಂತೆ ಹಿಂದಕ್ಕೆ ತಿರುಗಿದರು. "ಹೊರಡಬಹುದಾ?" ಎಂದೂ ಕೇಳಿಬಿಟ್ಟರು. ಹಾಗೆಯೇ ತಿರುಗಿಕೊಂಡೇ ಇದ್ದರು. ನಾನು ಗುಂಡಿಯ ಮೇಲಿಟ್ಟಿದ್ದ ಕೈ ತೆಗೆದೆ.

"ಹೂಂ, ಹೊರಡೋಣ," ಎಂದೆ.

ಮಾಮ ಮುಂದಕ್ಕೆ ತಿರುಗಿ ತಲೆಯಾಡಿಸಿದರು. ಆಮೇಲೆ ಗುಂಡಿ ಒತ್ತಿದೆ.