ಬಾಗಿಲವ್ವನ ಮಾರಿ

ಏನೂ ಗೊತ್ತಿಲ್ಲದವರು ಸುಖವಾಗಿ ನಿದ್ದೆ ಮಾಡುತ್ತಾರೆ. ಎಲ್ಲ ಬಲ್ಲವರ ಸಂಗತಿ ನನಗೆ ತಿಳಿಯದು. ಅರೆಬರೆ ಬಲ್ಲವನ ಪಾಡು ಮಾತ್ರ ಯಾರಿಗೂ ಬೇಡ. ಬಾದಾಮಿಯ ಶಾಲಾಮಾಸ್ತರನಾದ ನಾನು, ಹಳೆಯ ಕಲ್ಲು ನೋಡಲು ಬಂದ ಇಂಗ್ಲಿಷ್ ಸಾಹೇಬರಿಗೆ ಒಮ್ಮೆ “ಇದು ವರಾಹ” ಎಂದುಬಿಟ್ಟೆ. ಹಂದಿಯ ಮೋರೆ ಇದ್ದದ್ದರಿಂದ ಅದು ಕೂಸಿಗೂ ತಿಳಿಯುತ್ತಿತ್ತು. ಅಂದಿನಿಂದ ನಾನು ಪಂಡಿತ. ಪೇಟೆಯ ಗೋಡೆಗಳಲ್ಲಿ ಸೇರಿಕೊಂಡ ಮೂರ್ತಿಗಳೆಲ್ಲ ಯಾರು ಯಾರೆಂದು ಗುರುತಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ನಮ್ಮೂರಲ್ಲಿ ಬಿದ್ದ ಗುಡಿಯ ಕಲ್ಲು ತಂದು ಮನೆ ಕಟ್ಟದವರೇ ಕಡಿಮೆ. ಒಬ್ಬರ ಕಟ್ಟೆಯಲ್ಲಿ ಆನೆ, ಇನ್ನೊಬ್ಬರ ಬಚ್ಚಲಲ್ಲಿ ಅಪ್ಸರೆ. ಹಬ್ಬಕ್ಕೊಮ್ಮೆ ಸುಣ್ಣ ಬಳಿದು ಬಳಿದು ಎಲ್ಲರ ಮೋರೆಯೂ ಹಿಟ್ಟಿನ ಮುದ್ದೆ. ನಾನು ಬಿಸಿಲಲ್ಲಿ ಏಣಿಯ ಮೇಲೆ ನಿಂತು ಸೊಂಟ ಹಿಡಿದುಕೊಂಡಿದ್ದಾಗ ಅತ್ತರಿನ ಅಂಗಡಿಯ ಹುಸೇನಸಾಬರು ಕೆಳಗಿನಿಂದ ಕೇಳಿದರು:

“ಮಾಸ್ತರ, ಗುರುತು ಸಿಕ್ಕ ಕಲ್ಲು ಸರಕಾರದವ್ರು ಒಯ್ತಾರಂತ, ಖರೆ ಏನ್ರಿ?”

“ಖರೆ.”

“ಮತ್ತ ನಮ್ಮ ಗ್ವಾಡಿ ನಿಂತದ್ದ ಆ ಕಲ್ಲಿನ ಮ್ಯಾಲ. ಅದನ್ನ ಕಿತ್ರ ಅಂಗಡಿ ನನ್ನ ತಲಿ ಮ್ಯಾಲ ಬೀಳ್ತದರಿ.”

ನಮ್ಮ ಮನೆಯ ತೊಲೆ ಹೊತ್ತದ್ದೂ ಬಾಗಿಲ ಮೇಲಿನ ಅಂಥದೇ ಮೂರ್ತಿ. ನನ್ನ ಹೆಂಡತಿ ಅದಕ್ಕೆ ಬಾಗಿಲವ್ವ ಎಂದು ದಿನಾ ಊದಿನಕಡ್ಡಿ ಹಚ್ಚುತ್ತಾಳೆ. “ಇನ್ನೆರಡು ಕೈ ಸುಣ್ಣ ಹೊಡಸ್ರಿ. ನನಗ ಗುರುತು ಹತ್ತಂಗಿಲ್ಲ” ಎಂದೆ. ಸುದ್ದಿ ಹಬ್ಬಿತು. ಹಬ್ಬವಿಲ್ಲದ ದಿನ ಪೇಟೆ ಅಷ್ಟು ಬೆಳ್ಳಗಾದದ್ದನ್ನು ನಾನು ಕಂಡಿರಲಿಲ್ಲ.

ಸಾಹೇಬರು ಬಂದರು. ಒಂದೊಂದು ಗೋಡೆಯ ಮುಂದೆಯೂ ನಾನು ಗೋಣು ಅಲ್ಲಾಡಿಸಿದೆ. ಪಾಪ, ಅವರ ಮುಖ ಸಣ್ಣದಾಯಿತು. ಬಿಸಿಲಿಗೆ ಬೆಂದು, ನೀರು ಕುಡಿಯಲು ನಮ್ಮ ಮನೆಗೆ ಹೊರಟರು. ಬಂದರೂ ಬರಬಹುದೆಂದು ಬೆಳಿಗ್ಗೆ ಮನೆಯಲ್ಲಿ ಹೇಳಿದ್ದೆ, ಅಷ್ಟೆ.

ಬಾಗಿಲ ಮೇಲೆ ಎಂಟು ಕೈ, ತ್ರಿಶೂಲ, ಕೋಣದ ಮುರಿದ ಕತ್ತು, ಎಲ್ಲವೂ ಫಳಫಳ ಹೊಳೆಯುತ್ತಿದ್ದವು. ಬಾಗಿಲ ಮರೆಯಿಂದ ಹೆಂಡತಿ ಸಂಭ್ರಮದಿಂದ ಹೇಳಿದಳು: “ದೊಡ್ಡ ಮಂದಿ ಬರೂ ಹೊತ್ತಿನಾಗ ಅವ್ವನ ಮಾರಿ ಹೊಲಸ ಇರಬಾರದಲ್ರಿ? ಸುಣ್ಣ ಕೆರೆದು, ಹುಣಸಿಹಣ್ಣು ಹಚ್ಚಿ ತಿಕ್ಕೇನಿ ನೋಡ್ರಿ.”

“ಮಹಿಷಮರ್ದಿನಿ!” ಎಂದು ಸಾಹೇಬರು ಕುಣಿದಾಡಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಅವ್ವ ಎತ್ತಿನ ಗಾಡಿ ಹತ್ತಿ ಹೋದಳು. ಊರಿನ ಗೋಡೆಗಳೆಲ್ಲ ಗಟ್ಟಿಯಾಗಿವೆ. ನಮ್ಮ ತೊಲೆಗೆ ಮಾತ್ರ ಜಾಲಿಯ ಕಂಬದ ಆಸರೆ. ಹೆಂಡತಿ ಈಗಲೂ ಆ ಖಾಲಿ ಕಿಂಡಿಗೇ ಊದಿನಕಡ್ಡಿ ಹಚ್ಚುತ್ತಾಳೆ. ನೋಡಿದರೆ ಸಂಕಟವಾಗುತ್ತದೆ. “ಊರ ಮಂದಿಗೆಲ್ಲ ಹೇಳಿದ್ರಿ. ನನಗೊಂದ ಮಾತು ಹೇಳಾಕ ಏನಾಗಿತ್ರಿ?” ಎನ್ನುತ್ತಾಳೆ.

ಊರೆಲ್ಲ ಮಾತಾಡಿ ದಣಿದು ಮನೆಗೆ ಬಂದಾಗ ಅವಳು “ಏನ್ರಿ ಸುದ್ದಿ?” ಎಂದು ಕೇಳುವುದು ರೂಢಿ. “ಏನಿಲ್ಲ” ಎನ್ನುವುದು ನನ್ನ ರೂಢಿ. ಸುಣ್ಣದ ಮಾತು ಹೇಳಿ ಬಂದ ದಿನವೂ ಕೇಳಿದ್ದಳು.